ಶನಿವಾರದ ಒಪ್ಪೊತ್ತು

ಮುತ್ತತ್ತಿಯ ಹೊಳೆದಂಡೆಯಲ್ಲಿ ನೆಲೆಸಿರುವ ಮುತ್ತೆತ್ತರಾಯನಿಗೂ ದೇವಿರಮ್ಮನಿಗೂ ಬಹಳ ಕಾಲದ ಮಾತುಕತೆ. ಬೇರೆಯವರು ಆ ಆಂಜನೇಯನ ಮುಂದೆ ಕೈಮುಗಿದು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದುಕೊಂಡು ಬರುತ್ತಾರೆ. ದೇವಿರಮ್ಮ ಹಾಗಲ್ಲ. ಹಸು ಗಬ್ಬವಾದದ್ದು, ಈ ಸಲ ರೇಷ್ಮೆಗೂಡು ತೆಳ್ಳಗಾದದ್ದು, ಸೊಸೆಯ ಸೊಂಟನೋವು, ಎಲ್ಲವನ್ನೂ ಪಕ್ಕದ ಮನೆಯವನಿಗೆ ಹೇಳಿದಂತೆ ಹೇಳಿ, ಕೊನೆಗೆ ಬತ್ತೀನಿ ಕಣಪ್ಪ ಅಂದು ಎದ್ದು ಬರುವವಳು. ಸೀತಮ್ಮನ ಮುತ್ತು ಹೊಳೆಗೆ ಬಿದ್ದಾಗ ಬಾಲ ಇಳಿಬಿಟ್ಟು ಎತ್ತಿಕೊಟ್ಟ ದೇವರು. ವಹಿಸಿದ ಕೆಲಸವನ್ನು ಮರೆಯುವವನಲ್ಲ ಎಂಬ ನಂಬಿಕೆ ಅವಳದು.

ಆದ್ದರಿಂದ, ಒಂಬತ್ತನೇ ಕ್ಲಾಸಿಗೆ ಸೇರಿದ ಮೊಮ್ಮಗಳು ನಯನ ಮಳವಳ್ಳಿಯ ಸ್ಕೂಲಿನಿಂದ ಬಂದು, ನಮ್ಮಲ್ಲಿ ಏರ್ ವಿಂಗ್ ಎನ್‌ಸಿಸಿ ಐತೆ, ಸೇರಿದೋರನ್ನ ಸಣ್ಣ ವಿಮಾನದಾಗೆ ಮೇಲಕ್ಕೆ ಕರ್ಕೊಂಡು ಹೋಗ್ತಾರಂತೆ, ಆದರೆ ಹುಡುಗೀರನ್ನ ತಕ್ಕೊಳ್ಳೋದು ಬಹಳ ಕಡಿಮೆ ಅಂದಾಗ, ಯಾರ ಹತ್ತಿರ ಹೇಳಿಸಬೇಕು ಎಂಬ ಅನುಮಾನವೇ ದೇವಿರಮ್ಮನಿಗೆ ಬರಲಿಲ್ಲ. ಆಕಾಶದ ಕೆಲಸ. ಗಾಳಿಯ ಮಗನನ್ನು ಬಿಟ್ಟು ಇನ್ಯಾರನ್ನು ಕೇಳುವುದು? ಹುಡುಗಿಯನ್ನು ಮುತ್ತತ್ತಿಗೆ ಕರೆದುಕೊಂಡು ಹೋಗಿ, ಹೊಳೆಯಲ್ಲಿ ಮುಳುಗಿಸಿ, ಒದ್ದೆ ಬಟ್ಟೆಯಲ್ಲೇ ನಿಲ್ಲಿಸಿ, ಈ ಹೆಣ್ಣುಮಗ ಆ ದಳಕ್ಕೆ ಸೇರಿದರೆ ಸ್ಕೂಲು ಮುಗಿಸುವವರೆಗೂ ಶನಿವಾರ ಒಪ್ಪೊತ್ತು ಮಾಡುತ್ತಾಳೆ ಎಂದು ಹರಕೆ ಹೊತ್ತಳು. ಒಪ್ಪೊತ್ತೆಂದರೆ ಸಂಜೆ ದೀಪ ಹಚ್ಚುವವರೆಗೂ ನೀರು, ಮಜ್ಜಿಗೆ ಬಿಟ್ಟರೆ ಇನ್ನೇನೂ ಬಾಯಿಗಿಡುವಂತಿಲ್ಲ.

ನಯನ ಆಯ್ಕೆಯಾದಳು. ತಿಳಿನೀಲಿ ಅಂಗಿ ಬಂತು, ಟೋಪಿ ಬಂತು, ಬೂಟು ಬಂತು. ಆಗ ಪೆರೇಡು ಬುಧವಾರ ಸಂಜೆ ನಡೆಯುತ್ತಿತ್ತು. ಶನಿವಾರ ಅರ್ಧ ದಿನದ ಸ್ಕೂಲು. ಹುಡುಗಿ ಮಧ್ಯಾಹ್ನ ಮನೆಗೆ ಬಂದು ಜಗಲಿಯಲ್ಲಿ ಬಿದ್ದುಕೊಂಡರೆ ಸಂಜೆಯಾಗುವುದು ಏನು ದೊಡ್ಡದು? ತಂದೆ ಪುಟ್ಟಸ್ವಾಮಿ ಮಳವಳ್ಳಿ, ಮದ್ದೂರು, ಮಂಡ್ಯ ಅಂತ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರು. ಅವನು ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ತಾಯಿ ರೂಪ ಹಾಲು ಕರೆದು ಡೈರಿಗೆ ಹಾಕಿ, ಹಿಪ್ಪುನೇರಳೆ ಸೊಪ್ಪು ತಂದು ಹುಳುವಿಗೆ ಹಾಕುವುದರಲ್ಲೇ ಬಗ್ಗಿದ ಸೊಂಟ ಎತ್ತಲಾರದವಳು. ಮನೆಯಲ್ಲಿ ಯಾರೂ ಆ ಹರಕೆಯನ್ನು ಒಂದು ತೊಂದರೆ ಎಂದುಕೊಳ್ಳಲಿಲ್ಲ.

ದಸರಾ ರಜೆ ಕಳೆದ ಮೇಲೆ ಸ್ಕೂಲಿಗೆ ಕೆಂಪರಾಜು ಎಂಬ ಹೊಸ ಎನ್‌ಸಿಸಿ ಮೇಷ್ಟ್ರು ಬಂದರು. ಬುಧವಾರ ಸಂಜೆ ಹೊತ್ತು ಸಾಲದು ಎಂದು ಪೆರೇಡನ್ನು ಶನಿವಾರ ಬೆಳಗ್ಗೆಗೆ ಹಾಕಿದರು. ಹೊತ್ತು ಹುಟ್ಟುವ ಮೊದಲೇ ಮೈದಾನ. ಓಟ, ಡ್ರಿಲ್ಲು, ಆಮೇಲೆ ಹಗುರವಾದ ಮರದ ಪಟ್ಟಿಗಳನ್ನು ಅಂಟಿಸಿ ಗ್ಲೈಡರ್ ಮಾಡುವುದು, ಅದನ್ನು ಹಾರಿಸುವುದು. ಎಲ್ಲ ಮುಗಿದ ಮೇಲೆ ಮಕ್ಕಳಿಗೆ ಒಂದೊಂದು ಬೇಯಿಸಿದ ಮೊಟ್ಟೆ, ಬನ್ನು, ಬಾಳೆಹಣ್ಣು. ನಯನ ಮೊಟ್ಟೆಯನ್ನು ಗೆಳತಿಗೆ ಕೊಡುತ್ತಿದ್ದಳು. ಬನ್ನು, ಬಾಳೆಹಣ್ಣನ್ನು ಬ್ಯಾಗಿಗೆ ಹಾಕಿಕೊಂಡು ಬಂದು ಸಂಜೆ ತಿನ್ನುತ್ತಿದ್ದಳು.

ಹಿತ್ತಲಿನಲ್ಲಿ ಅವಳು ಅಭ್ಯಾಸ ಮಾಡುವುದನ್ನು ನೋಡುವುದು ದೇವಿರಮ್ಮನಿಗೆ ಒಂದು ಸಂಭ್ರಮ. ಸಾವಧಾನ್ ಎಂದು ಹುಡುಗಿ ಕೂಗಿದರೆ ಕೊಟ್ಟಿಗೆಯ ಹಸು ಮೆಲುಕು ಹಾಕುವುದನ್ನು ನಿಲ್ಲಿಸುತ್ತಿತ್ತು. ನೋಡ್ಲಾ, ಅದಕ್ಕೂ ತಿಳೀತದೆ ಎಂದು ದೇವಿರಮ್ಮ ಮಗನಿಗೆ ತೋರಿಸುತ್ತಿದ್ದಳು. ಮೇಷ್ಟ್ರು ನಯನಳನ್ನೇ ತುಕಡಿಯ ಮುಂದೆ ನಿಲ್ಲಿಸಿ ಹುಕುಂ ಕೊಡಲು ಹಚ್ಚಿದ್ದರು. ಡಿಸೆಂಬರಿನಲ್ಲಿ ಶಿಬಿರ. ವಿಮಾನ ಹತ್ತುವುದು ಅಲ್ಲಿಯೇ. ಶಿಬಿರಕ್ಕೆ ಹೋಗುವವರನ್ನು ಒಂದು ಶನಿವಾರ ಪರೀಕ್ಷೆ ಮಾಡಿ ಆರಿಸುತ್ತಾರೆ ಎಂದು ಸುದ್ದಿ ಬಂತು.

ಒಂದು ಶನಿವಾರ ಬಿಸಿಲು ಜೋರಾಗಿತ್ತು. ಹುಕುಂ ಕೊಡುತ್ತ ನಿಂತ ಹುಡುಗಿ ಹಾಗೇ ತೂರಾಡಿ ಮಂಡಿಯೂರಿ ಕುಸಿದಳು. ಮೇಷ್ಟ್ರು ನೆರಳಿಗೆ ಕರೆದುಕೊಂಡು ಹೋಗಿ ನೀರು ಕುಡಿಸಿ, ಬೆಳಗ್ಗೆ ಏನು ತಿಂದೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಗೆಳತಿ ಹೇಳಿದಳು. ಮೇಷ್ಟ್ರು ತಾವೇ ಹುಡುಗಿಯನ್ನು ಬಸ್‌ಸ್ಟ್ಯಾಂಡಿಗೆ ಕರೆತಂದು ಪುಟ್ಟಸ್ವಾಮಿಯ ಬಸ್ಸು ಬರುವವರೆಗೂ ಕಾದರು. ನಿಮ್ಮ ಹರಕೆಗೆ ನಾನು ಅಡ್ಡ ಬರೋದಿಲ್ಲ, ಆದರೆ ಖಾಲಿ ಹೊಟ್ಟೆಯಲ್ಲಿ ಬಂದ ಮಗುವನ್ನು ಪರೀಕ್ಷೆಗೆ ನಿಲ್ಲಿಸೋದೂ ಇಲ್ಲ ಎಂದು ಮೆಲ್ಲಗೆ ಹೇಳಿ ಹೋದರು.

ಅವತ್ತು ಸಂಜೆ ದೀಪ ಹಚ್ಚಿ ನಯನಳಿಗೆ ಬಡಿಸಿದ ಮೇಲೆ ಮಾತು ಶುರುವಾಯಿತು. ಪುಟ್ಟಸ್ವಾಮಿ ಮುದ್ದೆ ಮುರಿದವನು ಸಾರಿಗೆ ಅದ್ದದೆ ಹಾಗೇ ಹಿಡಿದುಕೊಂಡಿದ್ದ.

"ಅರಕೆ ಒತ್ತೋಳು ನೀನು. ಒಟ್ಟೆ ಕಟ್ಕೊಂಡಿರೋದು ಆ ಮಗ. ಇದ್ಯಾವ ನ್ಯಾಯ್ವವ್ವ?"

"ಕೇಳೋವಾಗ ಅವ್ನು ಬೇಕಾಗಿತ್ತು. ಕೊಟ್ಮೇಲೆ ಕೈ ಒದರ್ಬುಡದಾ?" ಎಂದಳು ದೇವಿರಮ್ಮ.

ಮಗು ಆಯ್ಕೆಯಾದದ್ದು ಚೆನ್ನಾಗಿ ಓಡಿದ್ದಕ್ಕೆ ಎಂದು ಪುಟ್ಟಸ್ವಾಮಿ ಅಂದ. ಆ ಕಾಲಿಗೆ ಶಕ್ತಿ ಕೊಟ್ಟೋನು ಯಾರು ಎಂದು ತಾಯಿ ಕೇಳಿದಳು. ರಾಗಿ ಮುದ್ದೆ ಎಂದು ಮಗ ಹೇಳಿದ. ರೂಪ ಇಬ್ಬರ ತಟ್ಟೆಗೂ ಒಂದೊಂದು ಸೌಟು ಸಾರು ಹಾಕಿ, ಮೊದಲು ಉಣ್ಣಿ, ಆಮೇಲೆ ದೇವರಿಗೆ ಪಂಚಾಯ್ತಿ ಮಾಡುವಿರಂತೆ ಎಂದು ಗದರಿದಳು. ನಯನ ಮಾತ್ರ ತಲೆ ಎತ್ತಲಿಲ್ಲ. ಅನ್ನ, ಸಾರು, ಪಲ್ಯ ಎಲ್ಲವನ್ನೂ ಬೇಗ ಬೇಗ ಉಂಡು ಎದ್ದಳು.

ಮುಂದಿನ ಶನಿವಾರ ಬೆಳಗ್ಗೆ ರೂಪ ಅತ್ತೆಯ ಕಣ್ಣು ತಪ್ಪಿಸಿ ಚಿತ್ರಾನ್ನ ಕಲಸಿ ಮಗಳ ಬ್ಯಾಗಿಗೆ ಡಬ್ಬಿ ಹಾಕಿದಳು. ಹಾಗೆಂದುಕೊಂಡದ್ದು ರೂಪ ಒಬ್ಬಳೇ. ಒಗ್ಗರಣೆಯ ವಾಸನೆ ಕೊಟ್ಟಿಗೆಯವರೆಗೂ ಬಂದಿತ್ತು. ದೇವಿರಮ್ಮ ಸಗಣಿ ಬಾಚುತ್ತ ತಿಳಿದೂ ತಿಳಿಯದವಳಂತಿದ್ದಳು. ತಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ, ಅವರವರು ಏನಾದರೂ ಮಾಡಿಕೊಳ್ಳಲಿ ಎಂದು ದೇವರಿಗೆ ಹೇಳಿಕೊಂಡಳು. ಆದರೆ ಮಧ್ಯಾಹ್ನ ಬ್ಯಾಗು ತೆಗೆದರೆ ಡಬ್ಬಿ ಹಾಕಿದ ಹಾಗೇ ಇತ್ತು. ಚಿತ್ರಾನ್ನ ಹಳಸಿ ನೀರು ಬಿಟ್ಟಿತ್ತು.

ರೂಪ ಅತ್ತೆಯ ಕಡೆ ತಿರುಗಿ, ನೀವೇ ಏನೋ ಹೇಳಿ ಹೆದರಿಸಿದ್ದೀರಿ ಅಂದಳು. ತಾನು ಹೇಳಿಲ್ಲ ಎಂದು ದೇವಿರಮ್ಮ ಆಣೆ ಮಾಡಿದಳು. ಬಾಗಿಲಲ್ಲಿ ಬೂಟಿನ ಲಾಡಿ ಬಿಚ್ಚುತ್ತಿದ್ದ ನಯನ, ಯಾರೂ ಕೇಳದೆ, ನೆಲ ನೋಡಿಕೊಂಡೇ ಅಂದಳು:

"ಉಂಡ್ಬುಟ್ರೆ ಅವ್ನಿಗೆ ಗೊತ್ತಾಯ್ತದೆ ಕಣಜ್ಜಿ. ನಾನು ಪ್ಲೇನ್‌ನಾಗೆ ಕುಂತಿರೋವಾಗ ಅವ್ನು ಕೈ ಬುಟ್ಬುಟ್ರೆ?"

ಕಾಲಿನಿಂದ ಬೂಟು ಕಳಚಿಕೊಂಡು, ಅದನ್ನು ಜೋಡಿಸಿಟ್ಟು, ಹುಡುಗಿ ಒಳಗೆ ಹೋದಳು. ದೇವಿರಮ್ಮ ಹಾಗೇ ಜಗಲಿಯ ಮೇಲೆ ಕುಳಿತಳು. ಐವತ್ತು ವರ್ಷದಿಂದ ತಾನು ಹಸುವಿನ ಸುದ್ದಿ, ಸೊಸೆಯ ಸುದ್ದಿ ಹೇಳಿಕೊಂಡು ಬಂದ ಆ ದೇವರಿಗೆ ಮೊಮ್ಮಗಳು ಹೀಗೆ ಹೆದರಿಕೊಂಡಿದ್ದಾಳೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಆ ವಾರ ಅವಳು ತನ್ನಲ್ಲೇ ಒಂದು ಲೆಕ್ಕ ಹಾಕಿದಳು. ಶನಿವಾರ ಬಂದಾಗ, ರೂಪ ಬಡಿಸಿದ ರೊಟ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಹಸುವಿಗೆ ಹಾಕಿ, ಉಂಡೆ ಅಂದಳು. ಮೊಮ್ಮಗಳ ಒಪ್ಪೊತ್ತನ್ನು ತಾನು ಮಾಡಿದರೆ ದೇವರು ಹುಡುಗಿಯ ಬಾಕಿಗೆ ಇದನ್ನು ವಜಾ ಮಾಡಿಕೊಳ್ಳುತ್ತಾನೆಂದು ಅವಳ ಎಣಿಕೆ. ಆದರೆ ಅವಳಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಉಣ್ಣದೆ ಇದ್ದವಳು, ರೂಪ ಸೊಪ್ಪಿನ ಹೊರೆ ಇಳಿಸಿ ಹಿತ್ತಲಿಗೆ ಬರುವ ಹೊತ್ತಿಗೆ ಒಗೆಯುವ ಕಲ್ಲಿಗೆ ಒರಗಿ ಬೆವರುತ್ತ ಕುಳಿತಿದ್ದಳು. ರೂಪ ಓಡಿಹೋಗಿ ಸಕ್ಕರೆ ನೀರು ತಂದು ಕುಡಿಸಿದಳು. ತನ್ನ ಸೆರಗಿನಿಂದಲೇ ಅತ್ತೆಯ ಕುತ್ತಿಗೆ ಒರೆಸಿದಳು. ಬೈಯುತ್ತಲೇ ಒರೆಸಿದಳು. ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ನೆಲ ಹಿಡಿದರೆ ಹುಳುವಿಗೆ ಸೊಪ್ಪು ಹಾಕೋರು ಯಾರು, ಹಸು ಕರೆಯೋರು ಯಾರು, ನಿಮ್ಮ ಮಗನಿಗೆ ಏನಂತ ಹೇಳಲಿ ಎಂದು ಅವಳ ಬಾಯಿ ಆಡುತ್ತಿತ್ತು, ಕಣ್ಣು ತುಂಬಿತ್ತು.

"ಅವ್ನಿಗೆ ಯೋಳ್ಬ್ಯಾಡ ಕಣವ್ವ" ಎಂದಳು ದೇವಿರಮ್ಮ.

"ಯೋಳ್ತೀನಿ" ಎಂದಳು ರೂಪ. ಸಂಜೆ ಹೇಳಿದಳು ಕೂಡ.

ಪುಟ್ಟಸ್ವಾಮಿ ಕೂಗಾಡುತ್ತಾನೆಂದು ಎಲ್ಲರೂ ಅಂದುಕೊಂಡಿದ್ದರು. ಅವನು ಕಂಡಕ್ಟರ್ ಬ್ಯಾಗನ್ನು ಮೊಳೆಗೆ ತಗುಲಿಸಿ, ಕೈಕಾಲು ತೊಳೆದು ಬಂದು, ಮಂಗಳವಾರ ನನಗೆ ರಜೆ ಐತೆ, ಎಲ್ಲರೂ ಮುತ್ತತ್ತಿಗೆ ಹೋಗಿ ಬರೋಣ ಎಂದಷ್ಟೇ ಹೇಳಿದ. ಅವನು ಮುತ್ತತ್ತಿಗೆ ಹೋಗುತ್ತಿದ್ದದ್ದು ಗೆಳೆಯರ ಜೊತೆ ಹೊಳೆದಂಡೆಯಲ್ಲಿ ಕೋಳಿ ಬೇಯಿಸಿಕೊಂಡು ತಿನ್ನಲಿಕ್ಕೆ. ಗುಡಿಯ ಒಳಗೆ ಕಾಲಿಡುವವನೇ ಅಲ್ಲ.

ಮಂಗಳವಾರವೂ ಅವನು ಚಪ್ಪಲಿ ಕಾಯುತ್ತೇನೆ ಅಂತ ಹೊರಗೇ ನಿಂತ. ಉಳಿದ ಮೂವರು ಹೊಳೆಯಲ್ಲಿ ಮುಳುಗಿ ಗುಡಿಗೆ ಬಂದರು. ದೇವಿರಮ್ಮ ಅರ್ಚಕರಿಗೆ ಎಲ್ಲ ವಿವರಿಸಿ, ಹೂ ಕೇಳಿಸಬೇಕು ಅಂದಳು. ದೇವರ ಮೈಮೇಲೆ ಒದ್ದೆ ಹೂ ಅಂಟಿಸಿ ಕೇಳಿದರೆ, ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಅವಳು ಎಂದಿನ ಹಾಗೆ ಸುದ್ದಿಗಳನ್ನು ಹೇಳಲಿಲ್ಲ. ಮಾತು ಕೊಟ್ಟವಳು ನಾನು, ಮಗುವಿನ ಹೊಟ್ಟೆ ಬಿಡು, ನನ್ನ ಹೊಟ್ಟೆ ತಗೋ ಎಂದು ಮಾತ್ರ ಕೇಳಿದಳು.

ಹೂ ಕಾಯಿಸಲೂ ಇಲ್ಲ. ಪಟ್ಟನೆ ಎಡಕ್ಕೆ ಬಿತ್ತು.

ದೇವಿರಮ್ಮನ ಮುಖ ಸಣ್ಣಗಾಯಿತು. ಪಕ್ಕದಲ್ಲಿ ನಿಂತಿದ್ದ ರೂಪ ಅತ್ತೆಯ ಕಿವಿಯ ಹತ್ತಿರ ಬಾಗಿ, "ನಿಮ್ಮ ಸುಗರು ಅವ್ನಿಗೂ ಗೊತ್ತು ಕಣತ್ತೆ" ಅಂದಳು. ಆಮೇಲೆ ತನ್ನ ಹೆಸರಿನಲ್ಲಿ ಕೇಳಿ ಎಂದು ಅರ್ಚಕರ ಮುಂದೆ ಬಂದಳು. ಅಷ್ಟರಲ್ಲಿ ಹಿಂದಿನಿಂದ ಪುಟ್ಟಸ್ವಾಮಿಯ ದನಿ ಕೇಳಿಸಿತು. ಚಪ್ಪಲಿಗಳನ್ನು ಯಾರಿಗೆ ಒಪ್ಪಿಸಿ ಬಂದಿದ್ದನೋ, ಹೊಸಿಲು ದಾಟಿ ಒಳಗೆ ನಿಂತಿದ್ದ.

"ನೀನು ಸುಮ್ಕಿರು. ಬೆಳಗಾನಿಂದ ಸೊಪ್ಪು ಒರೋಳು ನೀನು. ಅವ್ವ, ನನ್ನೆಸ್ರಲ್ಲಿ ಕೇಳು."

ದೇವಿರಮ್ಮ ಮಗನನ್ನು ತಿರುಗಿ ನೋಡಿದಳು. ಹಸಿವಾದರೆ ಕೋಪ ಬರುವ ಹುಡುಗ ಅದು, ಚಿಕ್ಕಂದಿನಿಂದಲೂ. ಅನ್ನ ಬೇಯುವವರೆಗೆ ಕಾಯಲಾರದೆ ಗಂಜಿ ಬಸಿದು ಕುಡಿಯುತ್ತಿದ್ದವನು. ಕೈಮುಗಿದು ಅವನ ಹೆಸರು ಹೇಳಿ ಕೇಳಿದಳು. ಅರ್ಚಕರು ಹೊಸ ಹೂವಿಟ್ಟರು.

ಹೂ ಬೀಳಲಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಹೊಳೆಯ ಸದ್ದು ಒಳಗೆ ಬರುತ್ತಿತ್ತು. ನಯನ ಉಸಿರು ಹಿಡಿದು ಹೂವನ್ನೇ ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ ಅರ್ಚಕರು, ಹಿಂದೆ ಜನ ನಿಂತವ್ರೆ ಕಣಮ್ಮ, ಇನ್ನೊಂದು ದಿನ ಬನ್ನಿ ಎಂದರು.

"ಬ್ಯಾಡ ಅಂತ ಅಂದಿಲ್ವಲ್ಲ ಸ್ವಾಮಿ" ಎಂದ ಪುಟ್ಟಸ್ವಾಮಿ. "ಅವ್ನು ನಿಧಾನ್ವಾಗಿ ಯೋಚ್ನೆ ಮಾಡ್ಲಿ. ಅಲ್ಲೀಗಂಟ ನಾನು ಮಾಡ್ತಿರ್ತೀನಿ."

ಸಾಲಿನಲ್ಲಿದ್ದ ಯಾರೋ ನಕ್ಕರು. ಅರ್ಚಕರೂ ನಕ್ಕು ತೀರ್ಥ ಕೊಟ್ಟರು.

ಶನಿವಾರ ಬಂತು. ಪುಟ್ಟಸ್ವಾಮಿ ತಣ್ಣೀರು ಸ್ನಾನ ಮಾಡಿ, ಒಂದು ಲೋಟ ಮಜ್ಜಿಗೆ ಕುಡಿದು ಮೊದಲ ಬಸ್ಸಿಗೆ ಹೋದ. ಸಂಜೆ ಅವನ ಜೊತೆ ಡ್ರೈವರ್ ಅಪ್ಪು ಕೂಡ ಮನೆಗೆ ಬಂದು ಸಾಕ್ಷಿ ಹೇಳಿದ. ಮದ್ದೂರಿನಲ್ಲಿ ಬಸ್ಸು ನಿಂತಾಗ ವಡೆಯವನು ಎಂದಿನಂತೆ ಕಿಟಕಿಯಲ್ಲಿ ಎರಡು ವಡೆ ಕೊಟ್ಟನಂತೆ. ಪುಟ್ಟಸ್ವಾಮಿ ಎಂದಿನಂತೆ ಈಸಿಕೊಂಡು ಬಾಯಿಯವರೆಗೂ ತಂದು, ಕಣ್ಣು ಕಣ್ಣು ಬಿಟ್ಟು, ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡನಂತೆ. ಖಾಕಿ ಅಂಗಿಯ ಜೇಬೆಲ್ಲ ಎಣ್ಣೆ. ಮಂಡ್ಯದಲ್ಲಿ ಒಬ್ಬರಿಗೆ ಚಿಲ್ಲರೆ ಎರಡು ಸಲ ಕೊಟ್ಟ ಕಣಮ್ಮೋ, ಹಿಂಗೇ ಆದರೆ ಓನರ್ರು ನಮ್ಮಿಬ್ಬರನ್ನೂ ಒಪ್ಪೊತ್ತಿಗೆ ಹಾಕ್ತಾರೆ ಎಂದು ಅಪ್ಪು ಅಂದಾಗ ರೂಪ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಪ್ಪ ಜೇಬಿನಿಂದ ತೆಗೆದುಕೊಟ್ಟ ತಣ್ಣನೆಯ ವಡೆಯನ್ನು ನಯನ ಕೈಯಲ್ಲಿ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು.

ಆದರೆ ಅವಳ ಹೆದರಿಕೆ ಮಾತ್ರ ಹೋಗಲಿಲ್ಲ. ಅವತ್ತು ಬೆಳಗ್ಗೆ ಅವಳು ತಿಂದದ್ದು ಎರಡು ತುತ್ತು. ಮರುವಾರ ಅರ್ಧ ರೊಟ್ಟಿ; ಅದೂ ತಿಂದಾದ ಮೇಲೆ ದೇವರ ಮೂಲೆಗೆ ಹೋಗಿ ಕೆನ್ನೆ ಬಡಿದುಕೊಂಡಳು. ಮೇಷ್ಟ್ರು ಬಸ್ಸಿನಲ್ಲಿ ಪುಟ್ಟಸ್ವಾಮಿಗೆ ಸಿಕ್ಕಾಗ, ಇನ್ನೂ ಕಾಲಲ್ಲಿ ಕಸುವು ಸಾಲದು ಎಂದಿದ್ದರು. ಪರೀಕ್ಷೆ ಬರುವ ಶನಿವಾರವೇ.

ಆ ಶನಿವಾರ ದೇವಿರಮ್ಮ ಸೊಸೆಯನ್ನು ಹಾಲು ಕರೆಯಲು ಕಳಿಸಿ ತಾನೇ ಒಲೆಯ ಮುಂದೆ ಕುಳಿತಳು. ಅಕ್ಕಿ ರೊಟ್ಟಿ ತಟ್ಟಿದಳು. ಹುಚ್ಚೆಳ್ಳು ಹುರಿದು ಚಟ್ನಿ ಅರೆದಳು. ನಯನ ಕೂದಲನ್ನು ಗಂಟು ಕಟ್ಟಿ, ನೀಲಿ ಅಂಗಿಯ ಮಡಿಕೆ ಕೆಡದಂತೆ ಗೋಡೆಗೆ ಒರಗದೆ ಮಣೆಯ ಮೇಲೆ ನೆಟ್ಟಗೆ ಕುಳಿತಳು. ತಟ್ಟೆಗೆ ಬಿದ್ದ ರೊಟ್ಟಿಯನ್ನು ಮುರಿಯಲಿಲ್ಲ.

"ಅವ್ನು ಹೂ ಕೊಟ್ಟಿಲ್ವಲ್ಲ ಅಜ್ಜಿ" ಅಂದಳು.

ದೇವಿರಮ್ಮ ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದಳು. ಕಾವಲಿ ಇಳಿಸಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಮ್ಮಗಳ ಎದುರಿಗೆ ಬಂದು ಕುಳಿತಳು.

"ನೋಡು ಮಗ. ಅವ್ನ ತಾವ ನಾನು ಐವತ್ತು ವರ್ಸದಿಂದ ಮಾತಾಡ್ತಾ ಇವ್ನಿ. ಒಂದು ಮಗ ಅಸ್ಕೊಂಡಿರ್ಲಿ ಅಂತ ಅವ್ನು ಯಾವತ್ತೂ ಕೇಳಿಲ್ಲ. ಅವ್ನಿಗೆ ಅದು ಬೇಕು ಅಂದ್ಕೊಂಡೋಳು ನಾನು. ನಿನ್ನ ಒಂದು ಮಾತು ಕೇಳ್ದಂಗೆ ನಿನ್ನ ಒಟ್ಟೇನ ಬರ್ಕೊಟ್ಬುಟ್ಟೆ. ತಪ್ಪು ನಂದು. ಕೈ ಬುಡೋದಾದ್ರೆ ನನ್ನ ಕೈ ಬುಡ್ಲಿ. ನಿನ್ನ ಬುಡಾಕಿಲ್ಲ ಅವ್ನು."

"ನಿಂಗೆಂಗೆ ಗೊತ್ತು?"

"ನಿನ್ನೆ ಯೋಳಿದ್ದೀನಿ ಅವ್ನಿಗೆ. ಇವತ್ತಿಂದ ಮಗ ಉಣ್ತದೆ, ನೀನು ಸುಮ್ಕಿರ್ಬೇಕು ಅಂತ."

"ಅವ್ನೇನಂದ?"

"ಅವ್ನೇನಂದಾನು. ನಾನು ಮಾತಾಡೋವಾಗ ಅವ್ನು ಯಾವತ್ತು ಬಾಯಾಕವ್ನೆ?"

ನಯನಳ ತುಟಿ ಸ್ವಲ್ಪ ಅಲುಗಿತು. ನಗು ಇನ್ನೂ ಪೂರ್ತಿ ಬಂದಿರಲಿಲ್ಲ. ದೇವಿರಮ್ಮ ರೊಟ್ಟಿ ಮುರಿದು, ಚಟ್ನಿ ಸವರಿ, ಕೈ ಮುಂದೆ ಮಾಡಿದಳು. ಮೂರು ವರ್ಷದ ಮಗುವಿಗೆ ತಿನ್ನಿಸುವ ಹಾಗೆ. ಹುಡುಗಿ ಅಜ್ಜಿಯ ಕೈಯನ್ನೂ ಕಣ್ಣನ್ನೂ ನೋಡಿ ಬಾಯಿ ತೆರೆದಳು. ಒಂದು ತುತ್ತು, ಇನ್ನೊಂದು. ಆಮೇಲೆ ತಟ್ಟೆಯನ್ನು ತಾನೇ ಹತ್ತಿರಕ್ಕೆ ಎಳೆದುಕೊಂಡಳು. ಆ ರೊಟ್ಟಿ ಮುಗಿಯಿತು. ಅಜ್ಜಿ, ಇನ್ನೊಂದು ಹಾಕು ಅಂದಳು. ಅದೂ ಮುಗಿಯಿತು. ಅವತ್ತು ಅವಳು ದೇವರ ಮೂಲೆಗೆ ಹೋಗಿ ಕೆನ್ನೆ ಬಡಿದುಕೊಳ್ಳಲಿಲ್ಲ. ಬತ್ತೀನಿ ಕಣಪ್ಪ ಎಂದು ಬಾಗಿಲಿನಿಂದಲೇ ಕೂಗಿ, ಬೂಟು ಸದ್ದು ಮಾಡಿಕೊಂಡು ಓಡಿದಳು.

ದೇವಿರಮ್ಮನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಹಾಲು ಡೈರಿಗೆ ಹೋದ ಮೇಲೆ ಅವಳೂ ಮಳವಳ್ಳಿ ಬಸ್ಸು ಹತ್ತಿದಳು. ಸ್ಕೂಲಿನ ಕಾಂಪೌಂಡಿನ ಹೊರಗೆ, ಹೊಂಗೆ ಮರದ ನೆರಳಲ್ಲಿ ನಿಂತು ಸರಳಿನ ಗೇಟಿನಿಂದ ನೋಡಿದಳು. ಪರೀಕ್ಷೆ ಆಗಷ್ಟೇ ಶುರುವಾಗಿ ಮೈದಾನದ ಸುತ್ತ ಮಕ್ಕಳು ಓಡುತ್ತಿದ್ದರು. ಎಲ್ಲರೂ ಒಂದೇ ಬಣ್ಣ. ಯಾರು ತನ್ನವಳೆಂದು ಮೊದಲು ತಿಳಿಯಲಿಲ್ಲ. ಓಟ ಮುಗಿದು ಹುಡುಗರೆಲ್ಲ ಸಾಲುಗಟ್ಟಿ ನಿಂತಾಗ, ಮುಂದೆ ಒಂದು ಸಣ್ಣ ಆಕೃತಿ ಬಂದು ನಿಂತು ಹುಕುಂ ಕೊಟ್ಟಿತು. ಆ ಗಂಟಲು ಅವಳಿಗೆ ಗೊತ್ತಾಯಿತು. ಬಿಸಿಲು ಏರಿತು. ಹುಡುಗಿ ತೂರಾಡಲಿಲ್ಲ. ಸಾಲು ತಿರುಗಿತು, ನಡೆಯಿತು, ನಿಂತಿತು. ಕೊನೆಗೆ ಗ್ಲೈಡರ್ ಹಾರಿಸುವಾಗ ನಯನಳದು ಮೇಲೇರಿ ಒಂದು ಸುತ್ತು ಹಾಕಿ ಹೋಗಿ ಹುಲ್ಲಿನಲ್ಲಿ ಮೂಗು ಕುಕ್ಕಿತು. ಬೇರೆಯವರದು ಇನ್ನೂ ದೂರ ಹೋಯಿತು. ದೇವಿರಮ್ಮನಿಗೆ ಅದರ ಲೆಕ್ಕ ತಿಳಿಯಲಿಲ್ಲ. ಹುಡುಗಿ ಬಿದ್ದದ್ದನ್ನು ಎತ್ತಿಕೊಂಡು ನೆಟ್ಟಗೆ ನಡೆದು ಬರುವುದನ್ನೇ ನೋಡುತ್ತಿದ್ದಳು.

ಕೆಂಪರಾಜು ಮೇಷ್ಟ್ರು ಹೆಸರು ಓದಿದರು. ನಯನಳ ಹೆಸರು ಕೊನೆಯಲ್ಲಿ ಬಂತು, ಆದರೆ ಬಂತು.

ಸಂಜೆ ಪುಟ್ಟಸ್ವಾಮಿ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಉಂಡಿರಲಿಲ್ಲ. ದೇವಿರಮ್ಮನಿಗೆ ಮಾತ್ರ ರೂಪ ಬಲವಂತ ಮಾಡಿ ಒಂದು ಸಣ್ಣ ಮುದ್ದೆ ನುಂಗಿಸಿದ್ದಳು. ಸುದ್ದಿ ಅವನಿಗೆ ಆಗಲೇ ಗೊತ್ತಿತ್ತು. ಮಳವಳ್ಳಿ ಸ್ಟ್ಯಾಂಡಿನಲ್ಲಿ ಹುಡುಗಿ ಬಸ್ಸಿನ ಮೆಟ್ಟಿಲು ಹತ್ತಿ ಎಲ್ಲರ ಮುಂದೆ ಸೆಲ್ಯೂಟ್ ಹೊಡೆದು ಹೇಳಿದ್ದಳಂತೆ. ಅವನು ಕಾಲು ತೊಳೆದು ಬಂದು, ರೂಪ ಹಚ್ಚಿದ ದೀಪಕ್ಕೆ ಅರ್ಧ ಮನಸ್ಸಿನಿಂದ ಕೈಮುಗಿದು, ತಟ್ಟೆಯ ಮುಂದೆ ಕುಳಿತ. ನಯನಳೇ ಬಡಿಸಿದಳು. ಬಿಸಿ ಅನ್ನ, ಅವರೆಕಾಳು ಸಾರು, ಮೇಲೆ ಒಂದು ಚಮಚ ತುಪ್ಪ.

ಪುಟ್ಟಸ್ವಾಮಿ ಉಂಡ. ದೇವಿರಮ್ಮ ಕಂಬಕ್ಕೆ ಒರಗಿ ಕುಳಿತು ನೋಡಿದಳು. ಕಿವಿಯ ಹತ್ತಿರ ಅವನ ಕೂದಲು ನರೆತಿತ್ತು. ಅದನ್ನು ಅವಳು ಇವತ್ತೇ ಗಮನಿಸಿದ್ದು. ಅನ್ನ ಕಲಸುವಾಗ ಇನ್ನೂ ಅದೇ ಅವಸರ, ಕೈ ಸುಡುತ್ತಿದ್ದರೂ ಬಿಡದ ಅವಸರ.

ಎರಡನೇ ಸಲ ಅನ್ನ ಹಾಕಿಸಿಕೊಂಡ ಮೇಲೆ ಅವನು ತಲೆ ಎತ್ತಿದ.

"ಇವ್ಳು ಸ್ಕೂಲು ಮುಗ್ಸೋ ಅಷ್ಟೊತ್ತಿಗೆ ಇನ್ನೆಷ್ಟು ಸನಿವಾರ ಬತ್ತವೆ ಅವ್ವ?"

ದೇವಿರಮ್ಮ ಮುಂದಕ್ಕೆ ಸರಿದು ಸಾರಿನ ಪಾತ್ರೆಯನ್ನು ಮೊಮ್ಮಗಳ ಕೈಯಿಂದ ಈಸಿಕೊಂಡಳು.

"ಎಣಿಸ್ಬ್ಯಾಡ ಕಣಪ್ಪ" ಎಂದಳು. "ಉಣ್ಣು."